ತಗಡಿನ ಜೋಪಡಿಗೊಂದು ಕಿಟಕಿ

ಇಲ್ಲ, ಕಿಟಕಿ ಇದ್ದಿರಲೇಬೇಕು. ಗಾಳಿಗಾದರೂ ಒಂದು ಇದ್ದಿರಬೇಕು. ಇರದಿದ್ದರೆ? ಇರದಿದ್ದರೆ ಮುಚ್ಚುವುದಕ್ಕೆ ಏನೂ ಇಲ್ಲ. ಮುಚ್ಚುವುದಿಲ್ಲವೆಂದರೆ ದೃಶ್ಯವಿಲ್ಲ. ದೃಶ್ಯವಿಲ್ಲದಿದ್ದರೆ ನಾಲ್ಕನೆಯ ಕಂತು ಅರ್ಧಕ್ಕೇ ಮುಗಿದು, ಈ ಗಡ್ಡದವನನ್ನು ಇಲ್ಲಿ ಯಾಕೆ ಕೂರಿಸಿದ್ದೀರಿ ಎಂದು ಯಾರಾದರೂ ನನ್ನ ಕಡೆ ಕೈ ತೋರಿಸಿ ಕೇಳಿಬಿಡುತ್ತಾರೆ. ಆದರೆ ರಿಹರ್ಸಲ್ ನೋಡುವಾಗ ರುಕ್ಮಿಣಿಬಾಯಿ ಯಾಕೆ ಹಾಗೆ ತಲೆಯಾಡಿಸಿದರು? ಅದು ‘ಹೌದು, ಹೀಗೇ ಇತ್ತು’ ಎನ್ನುವ ದುಃಖದ ತಲೆಯಾಟವೋ, ‘ಇದೇನಿದು’ ಎನ್ನುವ ತಲೆಯಾಟವೋ? ದುಃಖದ್ದೇ ಇರಬೇಕು. ದುಃಖದ್ದೇ ಎಂದು ಇಟ್ಟುಕೊಳ್ಳೋಣ.

ಹೀಗೆ ಯೋಚಿಸುತ್ತ ನಾನು ವಡಾಲದ ಒಂದು ಹಳೆಯ ಗೋದಾಮಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದೆ. ಹೊರಗೆ ಈ ಕಾಲದ ಮಧ್ಯಾಹ್ನ, ಒಳಗೆ ಸಾವಿರದ ಒಂಬೈನೂರ ಎಪ್ಪತ್ತನಾಲ್ಕು. ಮುಂಬಯಿಗೆ ಕೂಲಿಗೆ ಬಂದ ಕಲಬುರಗಿ ಕಡೆಯ ಒಂದು ಕುಟುಂಬದ ಕಥೆಯನ್ನು ಎಂಟು ಕಂತುಗಳ ಧಾರಾವಾಹಿಯಾಗಿ ಅಲ್ಲಿ ಚಿತ್ರೀಕರಿಸುತ್ತಿದ್ದರು. ನನ್ನ ಎದುರಿಗೆ ಸಾಲಾಗಿ ಹನ್ನೊಂದು ಜೋಪಡಿಗಳು, ತುಕ್ಕು ಹಿಡಿದಂತೆ ಬಣ್ಣ ಬಳಿದ ತಗಡುಗಳು, ಟ್ಯಾಂಕರಿನಿಂದ ಸುರಿಸಿದ ಕೆಸರು. ನನ್ನ ಕೊರಳಲ್ಲಿ ನೇತಾಡುತ್ತಿದ್ದ ಕಾರ್ಡಿನ ಮೇಲೆ ‘ನೈಜತೆಯ ಸಲಹೆಗಾರ’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಆ ಕಾರ್ಡನ್ನು ನಾನು ಲೋಕಲ್ ಟ್ರೇನಿನಲ್ಲೂ ಹಾಕಿಕೊಂಡಿರುತ್ತಿದ್ದೆ. ತೆಗೆಯಲು ಮರೆತೆ ಎಂದು ಹೇಳಿಕೊಳ್ಳುತ್ತಿದ್ದೆ.

ನನಗೆ ಈ ಕೆಲಸ ಸಿಕ್ಕಿದ್ದು ಮೌನದಿಂದ. ಎಂ.ಎ.ಯಲ್ಲಿ ನಾನು ಬರೆದ ಪ್ರಬಂಧದ ವಿಷಯ ಸಣ್ಣಕಥೆಗಳಲ್ಲಿ ಮೌನ. ಮೌನದ ಬಗ್ಗೆ ನೂರನಲವತ್ತು ಪುಟಗಳಷ್ಟು ಮಾತು ಯಾಕೆ ಬೇಕಾಯಿತು ಎಂದು ಪರೀಕ್ಷಕರು ಕೇಳಿದಾಗ ನಾನು ಉತ್ತರ ತೋಚದೆ ಸುಮ್ಮನೆ ಕೂತೆ. ಅವರು ಅದನ್ನೇ ಉತ್ತರವೆಂದುಕೊಂಡು ಒಳ್ಳೆಯ ದರ್ಜೆ ಕೊಟ್ಟರು. ಆ ದಿನದಿಂದ ನನಗೆ ಇದರ ರುಚಿ ಹತ್ತಿತು. ನಿರ್ದೇಶಕಿ ಶೀತಲ್ ಬಾಂದ್ರಾದ ಒಂದು ಹೋಟೆಲಿನಲ್ಲಿ ನನ್ನನ್ನು ಮೊದಲ ಸಲ ಭೇಟಿಯಾದಾಗ, ಬಡವರ ಮನೆಯೊಳಗಿನ ಹಿಂಸೆಯನ್ನು ನೀವು ಹೇಗೆ ಕಾಣುತ್ತೀರಿ ಎಂದು ಕೇಳಿದರು. ನಾನು ಕಾಫಿಯ ನೊರೆಯನ್ನೇ ನೋಡುತ್ತ ಇಪ್ಪತ್ತು ಸೆಕೆಂಡು ಸುಮ್ಮನಿದ್ದೆ. ನಿಜ ಹೇಳಬೇಕೆಂದರೆ ಪ್ರಶ್ನೆಯ ಕೊನೆಯ ಭಾಗ ನನಗೆ ಕೇಳಿಸಿರಲಿಲ್ಲ. ಶೀತಲ್ ತನ್ನ ಸಹಾಯಕನ ಕಡೆ ತಿರುಗಿ ಮೆಲ್ಲಗೆ, ಇವನೇ, ಎಂದರು.

ಆದರೆ ಕೂಲಿ ಜನರ ಮನೆಯನ್ನು ನಾನು ಒಳಗಿನಿಂದ ನೋಡಿದವನೇ ಅಲ್ಲ. ನಮ್ಮದು ಮೈಸೂರು ಕಡೆಯ ಮನೆತನ. ಅಪ್ಪ ನಂಜುಂಡ ಮುಂಬಯಿಯ ಫೋರ್ಟ್ ಭಾಗದ ಒಂದು ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಅಮ್ಮ ಸರಸ್ವತಿ ಕಾಲೊನಿಯ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದರು, ಆಮೇಲೆ ಬಿಟ್ಟರು. ವಡಾಲದ ಬಿಲ್ಡಿಂಗಿನ ಎರಡನೆಯ ಮಹಡಿಯಲ್ಲಿ ಎರಡು ಕೋಣೆ, ಒಂದು ಹಾಲ್, ಪಕ್ಕದ ಬಿಲ್ಡಿಂಗಿನ ಕಡೆಗೆ ತೆರೆಯುವ ಒಂದು ದೊಡ್ಡ ಕಿಟಕಿ. ಬಡತನದ ವಿಷಯದಲ್ಲಿ ನನ್ನ ಅನುಭವವೆಂದರೆ ಪುಸ್ತಕಗಳು, ಮತ್ತು ಕಾಲೇಜಿನಲ್ಲಿದ್ದಾಗ ಒಂದು ವಾರ ಬೇಕೆಂದೇ ಚಪ್ಪಲಿ ಹಾಕದೆ ಓಡಾಡಿದ್ದು. ಎರಡನೆಯ ದಿನವೇ ಕಾಲಿಗೆ ಗಾಜು ಚುಚ್ಚಿ ಅಪ್ಪ ಟಿಟಿ ಇಂಜೆಕ್ಷನ್ ಕೊಡಿಸಿದ್ದರಿಂದ ಅದು ಕೂಡ ಪೂರ್ತಿ ಒಂದು ವಾರವಲ್ಲ.

ಹಾಗಾಗಿ ನನಗೆ ರುಕ್ಮಿಣಿಬಾಯಿ ಬೇಕಾದರು. ಮಂಗಳವಾರ ಮತ್ತು ಶುಕ್ರವಾರ ನಮ್ಮ ಬಿಲ್ಡಿಂಗಿನ ಆರೇಳು ಮನೆಗಳಿಗೆ ಜೋಳದ ರೊಟ್ಟಿ ತಂದುಕೊಡುವವರು. ಅಫಜಲಪುರದ ಕಡೆಯಿಂದ ಐದು ವರ್ಷದ ಹುಡುಗಿಯಾಗಿ ಅಪ್ಪ ಅವ್ವ ಅಣ್ಣನ ಜೊತೆ ಬಂದು, ಬಾಂದ್ರಾದ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಪಕ್ಕದ ಜೋಪಡಿಯಲ್ಲಿ ಬೆಳೆದು, ಹನ್ನೆರಡಕ್ಕೇ ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಹೊತ್ತವರು. ಈಗ ಅರವತ್ತರ ಹತ್ತಿರ. ನಾನು ಅವರನ್ನು ಮರಾಠಿಯಲ್ಲಿ ಮೌಶಿ, ಚಿಕ್ಕಮ್ಮ, ಎನ್ನುತ್ತಿದ್ದೆ, ಅವರು ನನ್ನನ್ನು ತಮ್ಮಾ ಎನ್ನುತ್ತಿದ್ದರು. ಮೂರು ತಿಂಗಳು ನಮ್ಮ ಹಾಲಿನಲ್ಲಿ ಕೂರಿಸಿಕೊಂಡು ಅವರ ನೆನಪುಗಳನ್ನು ಬರೆದುಕೊಂಡೆ. ಅಮ್ಮ ಚಹಾ ಕೊಟ್ಟು ಅಡುಗೆಮನೆಗೆ ಹೋಗಿಬಿಡುತ್ತಿದ್ದರು. ಅಪ್ಪ ಪೇಪರಿನ ಹಿಂದಿನಿಂದ ಆಗಾಗ, ಎಂಥ ಕಷ್ಟಜೀವಿಗಳು, ಎಂದು ಮೆಚ್ಚಿಕೊಳ್ಳುತ್ತಿದ್ದರು.

ಅವರ ಅಪ್ಪ ಗುರುಪಾದ ಕುಡಿಯುತ್ತಿದ್ದ, ಹೊಡೆಯುತ್ತಿದ್ದ. ಅದನ್ನು ರುಕ್ಮಿಣಿಬಾಯಿ ಮುಚ್ಚಿಡಲಿಲ್ಲ. ಅವ್ವ ರಾಚವ್ವನ ಮುಂದಿನ ಹಲ್ಲೊಂದು ಹೋದದ್ದು ಹಾಗೆಯೇ. ಆದರೆ ಅವರು ಹೇಳುವ ರೀತಿಯೇ ನನಗೆ ತೊಂದರೆಯಾಗಿತ್ತು. ಅವರ ಮಾತಿನಲ್ಲಿ ಆ ಹೊಡೆತಗಳೆಲ್ಲ ಭಯಂಕರ ಗಲಾಟೆಯಲ್ಲಿ ನಡೆಯುತ್ತಿದ್ದವು. ಗುರುಪಾದ ಕೈ ಎತ್ತಿದ ಕೂಡಲೇ ರಾಚವ್ವ ಅಂಗಳಕ್ಕೆ ಜಿಗಿದು, ಅವನ ಹೆಸರು, ಅವನ ಅಪ್ಪನ ಹೆಸರು, ಊರಿನಲ್ಲಿ ಅವನು ಮಾಡಿಬಂದ ಘನಕಾರ್ಯಗಳನ್ನೆಲ್ಲ ಖಾಡಿಯ ಆಚೆ ದಂಡೆಗೂ ಕೇಳುವಂತೆ ಹೇಳುತ್ತಿದ್ದಳು. ಸಾಲಿನ ಹೆಂಗಸರೆಲ್ಲ ಅರ್ಧ ಕಲಸಿದ ಹಿಟ್ಟಿನ ಕೈಯಲ್ಲೇ ಬಂದು ಸುತ್ತ ನಿಲ್ಲುತ್ತಿದ್ದರು. ಒಬ್ಬ ಮುದುಕಿ ಬಂದು ಹೊಸ್ತಿಲ ಮೇಲೆ ಕೂತು ತಂಬಾಕು ತಿಕ್ಕಲು ಶುರುಮಾಡಿದಳೆಂದರೆ ಮುಗಿಯಿತು, ಅವಳನ್ನು ದಾಟಿ ಯಾವ ಗಂಡಸೂ ಒಳಗೆ ಹೋಗುವಂತಿರಲಿಲ್ಲ. ಮಾರನೆಯ ದಿನ ಕೆಲಸದ ಜಾಗದಲ್ಲಿ ಗುರುಪಾದನನ್ನು ಎಲ್ಲರೂ ಸೇರಿ ಅಣಕಿಸುತ್ತಿದ್ದರು. ಎರಡು ತಿಂಗಳು ಅವನು ತಲೆ ತಗ್ಗಿಸಿ ನಡೆಯುತ್ತಿದ್ದ, ಆಮೇಲೆ ಮತ್ತೆ ಕುಡಿದು ಬರುತ್ತಿದ್ದ.

ಇದೆಲ್ಲ ನನ್ನ ನೋಟುಪುಸ್ತಕದಲ್ಲಿ ಇತ್ತು. ಅಂಚಿನಲ್ಲಿ ನಾನೇ ಕೆಂಪು ಶಾಯಿಯಲ್ಲಿ ‘ತೀರಾ ನಾಟಕೀಯ’ ಎಂದು ಬರೆದಿದ್ದೆ. ನಿಜವಾಗಿ ನಡೆದದ್ದು ನಾಟಕೀಯ ಎಂದು ತೀರ್ಪು ಕೊಟ್ಟ ನೈಜತೆಯ ಸಲಹೆಗಾರ ಈ ಮಹಾನಗರದಲ್ಲಿ ನಾನೊಬ್ಬನೇ ಇದ್ದೇನು.

ಗದ್ದಲವನ್ನೆಲ್ಲ ಹೊಡೆದುಹಾಕಿ ಅದರ ಜಾಗದಲ್ಲಿ ನಾನು ಬರೆದುಕೊಟ್ಟ ದೃಶ್ಯ ಹೀಗಿತ್ತು. ಗಂಡ ಮನೆಗೆ ಬರುತ್ತಾನೆ. ಕುಡಿದಿಲ್ಲ. ಯಾರೂ ಮಾತಾಡುವುದಿಲ್ಲ. ಕಿಟಕಿಯನ್ನು ಮೆಲ್ಲಗೆ ಮುಚ್ಚುತ್ತಾನೆ. ಮಗಳನ್ನು ಹೊಸ್ತಿಲ ಬಳಿ ಕೂರಿಸಿ, ಹದಿಮೂರರ ಮಗ್ಗಿ ಹೇಳು, ಗಟ್ಟಿಯಾಗಿ, ಎನ್ನುತ್ತಾನೆ. ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ಕ್ಯಾಮೆರಾ ಮಗುವಿನ ಮುಖದ ಮೇಲೆ. ಮಗ್ಗಿ ಮಾತ್ರ ಕೇಳುತ್ತದೆ. ಬಾಗಿಲು ತೆರೆಯುತ್ತದೆ. ಅವನು ಕಿಟಕಿ ತೆರೆದು, ಚಹಾ ಇಡು, ಎನ್ನುತ್ತಾನೆ. ಹೆಂಡತಿ ಚಹಾ ಇಡುತ್ತಾಳೆ.

ಓದಿ ಮುಗಿಸಿದ ಶೀತಲ್ ಕಣ್ಣು ಒರೆಸಿಕೊಂಡು, ಇಂಥದ್ದನ್ನು ಕಲ್ಪಿಸಿ ಬರೆಯಲು ಆಗುವುದಿಲ್ಲ, ಎಂದಿದ್ದರು. ಅವರು ಎಷ್ಟು ಸರಿಯಾಗಿ ಹೇಳಿದ್ದರು ಎಂಬುದು ಅವರಿಗೆ ಗೊತ್ತಿರಲಿಲ್ಲ.

ಕಲಾ ನಿರ್ದೇಶಕ ತಿಲಕ್ ಒಬ್ಬನೇ ತಕರಾರು ತೆಗೆದಿದ್ದ. ಮಂಗಳೂರು ಕಡೆಯವನು, ಸೆಟ್ಟು ಹಾಕುವ ಮುಂಚೆ ಧಾರಾವಿ, ಆಂಟಾಪ್ ಹಿಲ್ ಎಲ್ಲ ಸುತ್ತಿ ಅಳತೆ ತೆಗೆದುಕೊಂಡು ಬಂದಿದ್ದ.

“ಅಲ್ಲ ಮಾರಾಯ, ಎಂಟಡಿ ತಗಡಿನ ಜೋಪಡಿಗೆ ಕಿಟಕಿ ಎಲ್ಲಿಂದ? ಒಳಗಿನ ಕೋಣೆ ಬೇರೆ ಕೇಳಿದ್ದಿ. ಒಳಗೆ ಹೋಗುವುದು ಅಂದರೆ ಎಲ್ಲಿಗೆ, ಪಕ್ಕದವನ ಮನೆಗಾ?”

ಅದು ರೂಪಕ, ಎಂದೆ. ತಿಲಕ್ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಹಾಗಾದರೆ ರೂಪಕಕ್ಕೆ ಕೀಲು ಎಷ್ಟು ಇಂಚಿನದು ಬೇಕು ಎಂದು ಕೇಳಿದ.

ಇಷ್ಟೆಲ್ಲ ಆದಮೇಲೆ ಅವತ್ತು ಗೋದಾಮಿನಲ್ಲಿ ಆ ದೃಶ್ಯದ ಚಿತ್ರೀಕರಣ. ನೋಡಲು ರುಕ್ಮಿಣಿಬಾಯಿಯನ್ನು ನಾನೇ ಕರೆದುಕೊಂಡು ಬಂದಿದ್ದೆ. ಹಸಿರು ಇಳಕಲ್ ಸೀರೆ ಉಟ್ಟು ಬಂದಿದ್ದರು. ಅದಕ್ಕೆ ಕಾರಣವಿತ್ತು. ಧಾರಾವಾಹಿಯ ಗಂಡ ಹೆಂಡಿರ ಹೆಸರು ಗುರುಪಾದ ಮತ್ತು ರಾಚವ್ವ. ಅವರ ಅಪ್ಪ ಅವ್ವನ ನಿಜವಾದ ಹೆಸರುಗಳನ್ನು ಇಡಬಹುದೇ ಎಂದು ನಾನು ಕೇಳಿದಾಗ ಅವರು ತುಂಬ ಹೊತ್ತು ಯೋಚಿಸಿ ಒಪ್ಪಿದ್ದರು. ಅವರಿಬ್ಬರದು ಒಂದು ಫೋಟೋ ಕೂಡ ಇರಲಿಲ್ಲ. ಒಮ್ಮೆ ಖಾಡಿಯ ನೀರು ನುಗ್ಗಿ ಇದ್ದ ಒಂದೂ ಹೋಗಿತ್ತು. ಅವರು ಕಟ್ಟಿದ ಬಿಲ್ಡಿಂಗುಗಳ ಮೇಲೆ ಅವರ ಹೆಸರು ಇರಲಿಲ್ಲ, ಇರುವುದೂ ಇಲ್ಲ.

“ಎಲ್ಲ್ಯಾರ ಒಂದ್ ಕಡಿ ಅವರ ಹೆಸರು ಉಳೀಲಿ ಬಿಡ್ರಿ ತಮ್ಮಾ,” ಎಂದಿದ್ದರು. “ಮುಂದ ನಮ್ಮ ಮೊಮ್ಮಕ್ಕಳು ನೋಡ್ತಾವ, ಹಿಂಗಿದ್ರಂತ ನಮ್ಮ ಮುತ್ಯಾ ಅಂತ.”

ದೃಶ್ಯ ಮುಗಿಯಿತು. ಸೆಟ್ಟಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ರುಕ್ಮಿಣಿಬಾಯಿ ತಟ್ಟಲಿಲ್ಲ. ನನ್ನನ್ನು ಜೋಪಡಿಗಳ ಹಿಂಭಾಗಕ್ಕೆ, ತಗಡಿಗೆ ಆಸರೆ ಕೊಟ್ಟಿದ್ದ ಮರದ ತುಂಡುಗಳ ನಡುವೆ ಕರೆದುಕೊಂಡು ಹೋದರು.

“ಅಂವ ಯಾರ್ರಿ ತಮ್ಮಾ?”

ಅವರು ನಿಮ್ಮ ಅಪ್ಪನ ಪಾತ್ರ ಮಾಡಿದ ನಟ ಎಂದೆ.

“ನಮ್ಮಪ್ಪ ಅಲ್ಲ ಅಂವ. ನಮ್ಮಪ್ಪ ಹೊಡಿತಿದ್ದ, ಖರೆ. ನಾ ಇಲ್ಲ ಅನ್ನಂಗಿಲ್ಲ. ಆದ್ರ ಬಾಗ್ಲಾ ಹಾಕ್ಕೊಂಡು ಹೊಡಿತಿದ್ದಿಲ್ಲ. ನಮ್ಮ ಮನಿಗೆ ಬಾಗ್ಲಾ ಎಲ್ಲಿತ್ತು, ಗೋಣಿ ತಟ್ಟು ಇತ್ತು. ಇದ್ದವರ ಮನ್ಯಾಗೂ ಜಗಳ ಬಂದಾಗ ಬಾಗ್ಲಾ ಹಾಕೋ ಹಂಗಿದ್ದಿಲ್ಲ. ಹಾಕಿದ್ನಪಾ ಅಂದ್ರ ಅಂವ ಕೊಲ್ಲಾಕ ನಿಂತಾನ ಅಂತ ಅರ್ಥ. ಇಡೀ ಓಣಿ ಬಂದು ಬಾಗ್ಲಾ ಮುರಿತಿತ್ತು. ಅಂಥಾ ಒಬ್ಬ ಇದ್ದ ನಮ್ಮ ಸಾಲಿನ್ಯಾಗ. ಅವನ ಮನಿಗೆ ಆಮ್ಯಾಲ ಯಾರೂ ಹೆಣ್ಣು ಕೊಡಲಿಲ್ಲ, ಅವನ ಮನಿ ನೀರು ಮುಟ್ಟಲಿಲ್ಲ. ನೀವು ನಮ್ಮಪ್ಪನ್ನ ಅವನ ಜೋಡಿ ಕುಂದ್ರಿಸಿದ್ರಿ.”

ಮತ್ತೆ ಹೇಳಿದರು, “ಮತ್ತ ಆ ಹುಡುಗಿ. ಹದಿಮೂರರ ಮಗ್ಗಿ ಹೇಳ್ತಾಳಲ್ಲ, ಆಕಿ ನಾನಾ? ನಾ ಸಾಲಿ ಕಟ್ಟಿ ಹತ್ತಿಲ್ಲ ತಮ್ಮಾ. ನನಗ ಇವತ್ತಿಗೂ ಎರಡರ ಮಗ್ಗಿ ಬರಂಗಿಲ್ಲ.”

ನನ್ನ ಪ್ರಬಂಧದ ಎರಡನೆಯ ಅಧ್ಯಾಯದಲ್ಲಿ ನಾನು ಪಾತ್ರಗಳ ಮೌನವನ್ನು ಆರು ಬಗೆಯಾಗಿ ವಿಂಗಡಿಸಿದ್ದೆ. ಆಗ ನಾನು ನಿಂತಿದ್ದ ರೀತಿ ಅವುಗಳಲ್ಲಿ ಯಾವುದಕ್ಕೂ ಸೇರುತ್ತಿರಲಿಲ್ಲ. ಬಾಯಿ ತೆರೆದುಕೊಂಡು ನಿಂತಿದ್ದೆ.

ರುಕ್ಮಿಣಿಬಾಯಿ ಕೇಳಿದ್ದು ಹೆಚ್ಚೇನಲ್ಲ. ಆ ದೃಶ್ಯ ತೆಗೆಯಿರಿ, ಇಲ್ಲವೇ ಅಪ್ಪ ಅವ್ವನ ಹೆಸರು ತೆಗೆಯಿರಿ. ಎರಡರಲ್ಲಿ ಒಂದು. ನಾನು ಶೀತಲ್‌ಗೆ ಹೇಳುತ್ತೇನೆಂದು ಮಾತು ಕೊಟ್ಟೆ. ಮಾತು ಕೊಡುವಾಗ ಕಣ್ಣಿನಲ್ಲಿ ನೀರು ತಂದುಕೊಂಡೆನೆಂದು ಕಾಣುತ್ತದೆ, ಯಾಕೆಂದರೆ ಅವರು ಸೆರಗಿನಿಂದ ನನ್ನ ಕನ್ನಡಕ ಒರೆಸಿಕೊಟ್ಟರು.

ಈಗ ಇದನ್ನೂ ಹೇಳಿಬಿಡಬೇಕು. ಆ ಕಿಟಕಿ ನಮ್ಮ ಮನೆಯದು. ಪಕ್ಕದ ಬಿಲ್ಡಿಂಗಿನ ಕಡೆಗೆ ತೆರೆಯುವ ಹಾಲಿನ ಕಿಟಕಿ. ನಾನು ಏಳು ವರ್ಷದವನಿದ್ದಾಗಿನಿಂದ ಹನ್ನೊಂದು ಆಗುವವರೆಗೆ, ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ, ಅಪ್ಪ ಕಚೇರಿಯಿಂದ ಬಂದು ಶೂ ಬಿಚ್ಚಿ ಜೋಡಿಸಿಟ್ಟು ಆ ಕಿಟಕಿಯ ಎರಡೂ ರೆಕ್ಕೆ ಮುಚ್ಚುತ್ತಿದ್ದರು. ಪಾಠ ಮುಗಿಸದೆ ಉಳಿದಿದ್ದ ಸಂಗೀತದ ಮಕ್ಕಳನ್ನು ಕಳಿಸುತ್ತಿದ್ದರು. ನನ್ನನ್ನು ಹಾಲಿನಲ್ಲಿ ಕೂರಿಸಿ, ಹದಿಮೂರರ ಮಗ್ಗಿ ಹೇಳು ಪುಟ್ಟ, ಗಟ್ಟಿಯಾಗಿ, ನಿಲ್ಲಿಸಬೇಡ, ಎನ್ನುತ್ತಿದ್ದರು. ಅಪ್ಪ ಯಾವತ್ತೂ ಕುಡಿದವರಲ್ಲ. ದನಿ ಎತ್ತಿದವರೂ ಅಲ್ಲ. ಅಮ್ಮನೂ ಕೂಗಿದವರಲ್ಲ. ಕೂಗಿದರೆ ಬಿಲ್ಡಿಂಗಿನವರಿಗೆ ಕೇಳುತ್ತದೆ. ಕೂಗುತ್ತಿದ್ದವನು ನಾನೊಬ್ಬನೇ, ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು. ಕೆಳಗಿನ ಮನೆಯವರು ಲಿಫ್ಟಿನ ಹತ್ತಿರ ಸಿಕ್ಕರೆ ಅಪ್ಪನಿಗೆ, ನಿಮ್ಮ ಹುಡುಗ ಓದಿನಲ್ಲಿ ಬಲು ಚುರುಕು, ಎನ್ನುತ್ತಿದ್ದರು.

ಆಮೇಲೆ ಅದು ನಿಂತುಹೋಯಿತು. ಯಾಕೆ ನಿಂತಿತೆಂದು ನನಗೆ ಗೊತ್ತಿಲ್ಲ, ಕೇಳಲಿಲ್ಲ. ಅಪ್ಪನಿಗೆ ಬಿ.ಪಿ. ಬಂದದ್ದು ಆ ಸುಮಾರಿಗೆ. ಈಗ ಅವರು ಮಾಟುಂಗಕ್ಕೆ ನಡೆದುಕೊಂಡು ಹೋಗಿ ಅಮ್ಮನಿಗೆ ಮಲ್ಲಿಗೆ, ನನಗೆ ಕಾಫಿಪುಡಿ ತರುವ ಸಾಧು ಮನುಷ್ಯ.

ನಾನು ಕಂಡಿದ್ದ ಮನೆಯೊಳಗಿನ ಹಿಂಸೆ ಇದೊಂದೇ. ಬಡವರ ಕಥೆಗೆ ಹಿಂಸೆ ಬೇಕು ಎಂದಾಗ ನಾನು ಇದನ್ನು ಎತ್ತಿಕೊಂಡು ಹೋಗಿ, ಮಸಿ ಬಳಿದು, ಒಂದು ತಗಡಿನ ಜೋಪಡಿಯೊಳಗೆ ಇಟ್ಟುಬಂದೆ. ಅಲ್ಲಿ ಅದು ಎಲ್ಲರಿಗೂ ಸಹಜವಾಗಿ ಕಂಡಿತು. ಬಿಲ್ಡಿಂಗಿನ ಎರಡನೆಯ ಮಹಡಿಯಲ್ಲಿ ಇಟ್ಟಿದ್ದರೆ ಶೀತಲ್ ಬಹುಶಃ ಇದು ನಂಬುವಂತಿಲ್ಲ ಎನ್ನುತ್ತಿದ್ದರು. ನಾನೂ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಏನಾದರೂ ಬರೆಯುತ್ತಿದ್ದೆ.

ಮಾರನೆಯ ವಾರ ಬಾಂದ್ರಾದಲ್ಲಿದ್ದ ಶೀತಲ್ ಅವರ ಕಚೇರಿಗೆ ಹೋದೆ. ವಡಾಲ ಸ್ಟೇಷನ್ನಿನಲ್ಲಿ ಗಾಡಿಗೆ ಕಾಯುವಾಗ ನೂಕಾಡುವ ಜನಸಂದಣಿಯ ನಡುವೆ ನಿಂತು ಹೇಳಬೇಕಾದ ವಾಕ್ಯವನ್ನು ಮೂರು ಭಾಷೆಗಳಲ್ಲಿ ಅಭ್ಯಾಸ ಮಾಡಿಕೊಂಡೆ. ಮೂರರಲ್ಲೂ ಅದು ಚಿಕ್ಕ ವಾಕ್ಯವೇ. ಈ ದೃಶ್ಯ ನಿಜ, ಆದರೆ ಅವರ ಮನೆಯದಲ್ಲ. ಇಷ್ಟು ಹೇಳಿದರೆ ಸಾಕಿತ್ತು.

ಶೀತಲ್ ಒಳ್ಳೆಯವರು. ತಾಳ್ಮೆಯಿಂದ ಕೇಳಿಸಿಕೊಂಡರು. ಹೆಸರುಗಳು ಹನ್ನೊಂದು ಕಡೆ ಬರುತ್ತವೆ, ಡಬ್ಬಿಂಗಿನಲ್ಲಿ ಬದಲಿಸಬಹುದು, ನಟರನ್ನು ಮತ್ತೆ ಕರೆಸಬೇಕಾಗುತ್ತದೆ, ಆದರೂ ಮಾಡೋಣ ಎಂದರು. ಒಂದೇ ಒಂದು ಕಾರಣ ಬೇಕು. ಆ ಹೆಂಗಸು ಈಗ ನಾಚಿಕೆಯಿಂದ ಹಿಂದೆ ಸರಿಯುತ್ತಿದ್ದಾಳೋ, ಅಥವಾ ದೃಶ್ಯವೇ ಸುಳ್ಳೋ? ನಾಚಿಕೆಯಾದರೆ ಹೆಸರು ಬದಲಿಸುವುದು ಬೇಡ, ಯಾಕೆಂದರೆ ನಾಚಿಕೆಪಟ್ಟು ಮುಚ್ಚಿಟ್ಟದ್ದನ್ನು ಹೊರಗೆ ತರುವುದಕ್ಕೇ ಇದನ್ನು ಮಾಡುತ್ತಿದ್ದೇವೆ. ಸುಳ್ಳಾದರೆ ದೃಶ್ಯವನ್ನೇ ಕಿತ್ತುಹಾಕುತ್ತೇನೆ.

“ನೀನೇ ಹೇಳು ಅಚಿಂತ್ಯ. ಸಚ್ ಹೈ ಯಾ ಝೂಟ್? ಯಾರ ಮನೆಯಲ್ಲಿ ಆದದ್ದು ಇದು?”

ನಾನು ಕಾಫಿಯನ್ನು ನೋಡಿದೆ. ನೊರೆ ಇರಲಿಲ್ಲ, ಬರೀ ಕಾಫಿ. ಹೇಳಿದರೆ ಅಪ್ಪನ ಮರ್ಯಾದೆ ಹೋಗುತ್ತದೆ ಎಂದುಕೊಂಡೆ. ಅದು ಅರ್ಧ ಮಾತ್ರ ನಿಜ. ಇನ್ನರ್ಧ, ಇದು ನಮ್ಮ ಮನೆಯದೆಂದರೆ ನಾನು ಬಡವರ ಬದುಕನ್ನು ಬಲ್ಲವನಲ್ಲ ಎಂದು ಗೊತ್ತಾಗಿಬಿಡುತ್ತದೆ, ಆ ಕಾರ್ಡು ಹೋಗುತ್ತದೆ. ಯಾವ ಅರ್ಧ ದೊಡ್ಡದಾಗಿತ್ತೆಂದು ಹೇಳುವಷ್ಟು ಧೈರ್ಯ ನನಗೆ ಈಗಲೂ ಇಲ್ಲ. ಇಪ್ಪತ್ತು ಸೆಕೆಂಡು ಕಳೆಯಿತು. ಶೀತಲ್ ನನ್ನ ಕೈಯ ಮೇಲೆ ಕೈ ಇಟ್ಟು, ಗೊತ್ತಾಯಿತು, ಎಂದರು. ಅವಳಿಗೆ ನೋವಾಗಿದೆ, ನೀನು ಅವಳನ್ನು ಬಿಟ್ಟುಕೊಡಲಾರೆ, ಆದರೆ ಸತ್ಯ ಉಳಿಯಲಿ, ಎಂದರು. ನಾನು ತಲೆಯಾಡಿಸಿದೆ.

ಶುಕ್ರವಾರ ರೊಟ್ಟಿ ತಂದ ರುಕ್ಮಿಣಿಬಾಯಿಗೆ, ನೋಡುತ್ತೇವೆ ಅಂದಿದ್ದಾರೆ ಮೌಶಿ, ಎಂದೆ. ಅವರು ನಂಬಿದರು. ಅವತ್ತು ಎರಡು ರೊಟ್ಟಿ ಹೆಚ್ಚಿಗೆ ಕೊಟ್ಟುಹೋದರು. ನಾನು ತಿಂದೆ.

ಧಾರಾವಾಹಿ ಬಂತು. ಚೆನ್ನಾಗಿ ಓಡಿತು. ನಾಲ್ಕನೆಯ ಕಂತಿನ ಬಗ್ಗೆ ಒಬ್ಬ ವಿಮರ್ಶಕರು, ಜೋಪಡಿಯಲ್ಲಿ ಹುಟ್ಟಿ ಬೆಳೆದವರು ಮಾತ್ರ ಬರೆಯಬಲ್ಲ ಮೌನ ಇದು, ಎಂದು ಬರೆದರು. ಒಂದು ಪತ್ರಿಕೆಯ ಹುಡುಗಿ ಫೋನಿನಲ್ಲಿ ಸಂದರ್ಶನ ಮಾಡಿ, ಆ ಕಿಟಕಿ ಮುಚ್ಚುವ ಕ್ಷಣ ನಿಮಗೆ ಹೇಗೆ ಹೊಳೆಯಿತು ಎಂದು ಕೇಳಿದಳು. ನಾನು ಸುಮ್ಮನಿದ್ದೆ. ಅಚ್ಚಾದಾಗ ಆ ಜಾಗದಲ್ಲಿ ‘ದೀರ್ಘ ಮೌನ’ ಎಂದಿತ್ತು. ಅದರ ಫೋಟೋ ತೆಗೆದು ಗೆಳೆಯರಿಗೆಲ್ಲ ಕಳಿಸಿದೆ.

ಭಾನುವಾರ ಊಟವಾದ ಮೇಲೆ ಮನೆಯಲ್ಲಿ ನೋಡಿದೆವು. ಮಗ ಮಾಡಿದ ಕೆಲಸವೆಂದು ಅಪ್ಪ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಸೋಫಾದಲ್ಲಿ ಕೂತಿದ್ದರು. ಅಮ್ಮ ಅವರೆಕಾಯಿ ಬಿಡಿಸುತ್ತ ನೆಲದ ಮೇಲೆ. ನಾಲ್ಕನೆಯ ಕಂತಿಗೆ ಮುಂಚೆ, ಸಾಕು, ಉಳಿದದ್ದು ಇನ್ನೊಂದು ದಿನ ನೋಡೋಣ, ಎಂದು ನಾನು ಎರಡು ಸಲ ಹೇಳಿದೆ. ಅಪ್ಪ ಬಿಡಲಿಲ್ಲ.

ಪರದೆಯ ಮೇಲೆ ಗುರುಪಾದ ಕಿಟಕಿ ಮುಚ್ಚಿದ. ಹುಡುಗಿ ಮಗ್ಗಿ ಶುರುಮಾಡಿದಳು. ನಾನು ಅಪ್ಪನನ್ನು ನೋಡಿದೆ. ಯಾವುದಕ್ಕಾಗಿ ಕಾಯುತ್ತಿದ್ದೆನೋ. ಕಥೆಗಳಲ್ಲಾದರೆ ಈ ಹೊತ್ತಿಗೆ ಒಂದು ಬೆರಳಾದರೂ ನಡುಗಬೇಕು. ಅಪ್ಪನ ಬೆರಳುಗಳು ಸೋಫಾದ ತೋಳಿನ ಮೇಲೆ ನೆಮ್ಮದಿಯಾಗಿದ್ದವು. ಅವರ ಕಣ್ಣುಗಳು ಮಾತ್ರ ತುಂಬಿಕೊಂಡವು.

“ಪಾಪ,” ಎಂದರು. “ಎಂಥ ಮೃಗಗಳಪ್ಪ. ವಿದ್ಯೆ ಇಲ್ಲದಿದ್ದರೆ ಹೀಗೇ ಆಗೋದು. ಆ ಮಗು ಎದುರಿಗೇ.”

ಅವರು ನಟಿಸುತ್ತಿರಲಿಲ್ಲ. ಅದು ನನಗೆ ಖಚಿತವಾಗಿ ಗೊತ್ತಾಯಿತು. ಅವರಿಗೆ ನಿಜವಾಗಿಯೂ ದುಃಖವಾಗಿತ್ತು, ಮತ್ತು ಆ ದುಃಖ ಖಾಡಿಯ ದಂಡೆಯ ಗುರುಪಾದನ ಮನೆಯವರಿಗಾಗಿ. ನಾನು ಅಷ್ಟು ಚೆನ್ನಾಗಿ ಮಸಿ ಬಳಿದಿದ್ದೆ.

ಅಮ್ಮ ತಲೆ ಎತ್ತದೆ ಅವರೆಕಾಯಿ ಬಿಡಿಸುತ್ತಲೇ ಇದ್ದರು. ಹುಡುಗಿ ಹದಿಮೂರೇಳ್ಲ ತೊಂಬತ್ತೊಂದು ಎಂದು ಹೇಳಿ ಮುಂದೆ ಹೋದಳು.

“ಇವಳು ತಡೀಲೇ ಇಲ್ಲ,” ಎಂದರು ಅಮ್ಮ. “ನೀನು ಏಳಕ್ಕೆ ಬಂದಾಗಲೆಲ್ಲ ತಡೀತಿದ್ದೆ. ನಾನು ಕಾಯ್ಕೊಂಡಿರ್ತಿದ್ದೆ, ತೊಂಬತ್ತೊಂದು ಅಂತ ಯಾವಾಗ ಹೇಳ್ತೀಯೋ ಅಂತ.”

ಅಪ್ಪ, ಗಟ್ಟಿಯಾಗಿ ಹೇಳಿದರೇ ಮಗ್ಗಿ ಬಾಯಿಗೆ ಬರೋದು, ಎಂದು ಒಪ್ಪಿಕೊಂಡರು. ಅಮ್ಮ ಕಾಳಿನ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ನಾನು ಹಿಂದೆ ಹೋಗಬೇಕಿತ್ತು. ಐದನೆಯ ಕಂತು ಹಾಕಿದೆ.

ರುಕ್ಮಿಣಿಬಾಯಿ ಅದರ ಮುಂದಿನ ಮಂಗಳವಾರ ಬರಲಿಲ್ಲ. ಶುಕ್ರವಾರವೂ ಇಲ್ಲ. ಕೆಳಗಿನ ಮನೆಯವರು ರೊಟ್ಟಿಗಾಗಿ ಅಮ್ಮನನ್ನು ಕೇಳಿದರು. ಮೂರನೆಯ ವಾರ ಬಂದರು, ಹೊಸ್ತಿಲ ಹೊರಗೇ ಕೂತು ಗಂಟು ಬಿಚ್ಚಿದರು. ಎಣಿಸಿ ಹತ್ತೇ ರೊಟ್ಟಿ ಕೊಟ್ಟರು. ಒಳಗೆ ಬನ್ನಿ ಎಂದೆ, ಬರಲಿಲ್ಲ. ಹಾಲಿನಲ್ಲಿ ಅಪ್ಪ ಪೇಪರ್ ಓದುತ್ತಿದ್ದರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಡಬ್ಬಿ ಹಿಡಿದುಕೊಂಡು ನಿಂತಿದ್ದರು.

ಆದದ್ದನ್ನು ಅವರು ದನಿ ಏರಿಸದೆ ಹೇಳಿದರು. ಅವರ ಅಣ್ಣ ಅಣವೀರಪ್ಪನ ಮನೆಯಲ್ಲಿ ಮೊಮ್ಮಗನ ತೊಟ್ಟಿಲ ಕಾರ್ಯವಿತ್ತು. ಹಳೆಯ ಸಾಲಿನವರೆಲ್ಲ ಈಗ ಎಲ್ಲೆಲ್ಲೋ ಇದ್ದಾರೆ, ಆದರೆ ಇಂಥದಕ್ಕೆ ಸೇರುತ್ತಾರೆ. ಮಗುವಿಗೆ ಗುರುಪಾದ ಎಂದು ಮುತ್ತಜ್ಜನ ಹೆಸರಿಡುವುದೆಂದು ಮೊದಲೇ ನಿಶ್ಚಯವಾಗಿತ್ತು. ಅಷ್ಟರಲ್ಲಿ ಎಲ್ಲರ ಮೊಬೈಲಿನಲ್ಲೂ ನಾಲ್ಕನೆಯ ಕಂತು ಬಂದಿತ್ತು. ಬೀಗರ ಕಡೆಯವರು, ಬಾಗಿಲು ಹಾಕಿಕೊಂಡು ಹೆಂಡತಿಯನ್ನು ಹೊಡೆದವನ ಹೆಸರು ನಮ್ಮ ಕೂಸಿಗೆ ಬೇಡ ಎಂದರು. ಅಣವೀರಪ್ಪ ತಂಗಿಯನ್ನು ಒಂದೇ ಮಾತು ಕೇಳಿದ, ಯಾಕವ್ವ ಅಪ್ಪನ ಮ್ಯಾಲ ಹಿಂಗ ಹೇಳಿದಿ, ಅಂತ. ಕೂಸಿಗೆ ಅನುರಾಗ್ ಎಂದು ಹೆಸರಿಟ್ಟರು.

“ಚಲೋ ಹೆಸರು ಐತಿ,” ಎಂದರು ರುಕ್ಮಿಣಿಬಾಯಿ. “ಸಿನಿಮಾದವರದು ಇದ್ದಂಗ ಐತಿ.”

ಆಮೇಲೆ ಗಂಟು ಕಟ್ಟಿದರು. ಎದ್ದು ನಿಂತು ನನ್ನನ್ನು ನೋಡಿದರು. ಮೊದಲ ಸಲ ಅವರ ಮಾತಿನಿಂದ ‘ರಿ’ ಬಿಟ್ಟುಹೋಗಿತ್ತು.

“ನಾ ಹೇಳಿದ್ದಲ್ಲ ಅದು. ನನಗ ಗೊತ್ತು, ನಿನಗೂ ಗೊತ್ತು. ಓದಿದಾಂವ ಇದಿ, ಮನಸಿಗೆ ಬಂದಂಗ ಬರಿಯೋ ಮಂದಿ ಅಲ್ಲ ನೀ. ನೋಡಿದ್ದನ್ನ ಬರದಿದಿ. ಆ ನಟ ಕಿಟಕಿ ಹಾಕೋದು ನೋಡಿದ್ರ ನನಗ ಗೊತ್ತಾತು, ಯಾರೋ ಖರೇನ ಹಂಗ ಹಾಕ್ಯಾರ ಅಂತ. ಅದಕ್ಕ ಕೇಳ್ತೀನಿ. ಯಾರ ಮನ್ಯಾಗ ನೋಡಿದಿ ತಮ್ಮಾ ಅದನ್ನ? ಅಣ್ಣಗ ಅಷ್ಟು ಹೇಳಿದ್ರ ಸಾಕು ನನಗ. ಹೆಸರು ಬ್ಯಾಡ. ನಮ್ಮ ಮನಿದಲ್ಲ ಅಂತ ನೀ ಒಂದ್ ಮಾತು ಅಂದ್ರ ಸಾಕು.”

ಹಿಂದೆ ಪೇಪರಿನ ಹಾಳೆ ಮಗುಚಿದ ಸದ್ದಾಯಿತು. ಅಮ್ಮ ಡಬ್ಬಿಯ ಮುಚ್ಚಳ ಹಾಕಲಿಲ್ಲ, ಹಿಡಿದುಕೊಂಡೇ ನಿಂತಿದ್ದರು. ಅಪ್ಪ ಕನ್ನಡಕದ ಮೇಲಿನಿಂದ ನೋಡಿ, ಏನಂತೆ, ಎಂದು ಸೌಜನ್ಯದಿಂದ ವಿಚಾರಿಸಿದರು.

ಏನಿಲ್ಲ ಎಂದೆ ಅವರಿಗೆ. ರುಕ್ಮಿಣಿಬಾಯಿಗೆ, ಎಲ್ಲೋ ಓದಿದ್ದು ಮೌಶಿ, ಯಾವ ಪುಸ್ತಕವೋ ನೆನಪಿಲ್ಲ, ಎಂದೆ.

ಅವರು ನನ್ನ ಹಿಂದಕ್ಕೆ ನೋಡಿದರು. ಅಪ್ಪನನ್ನು, ಆಮೇಲೆ ತುಸು ಹೆಚ್ಚು ಹೊತ್ತು ಅಮ್ಮನನ್ನು. ಏನು ಕಂಡರೋ ತಿಳಿಯದು. ಬರ್ತೀನವ್ವಾ, ಎಂದು ಅಮ್ಮನಿಗೆ ಮಾತ್ರ ಹೇಳಿ ಮೆಟ್ಟಿಲಿಳಿದರು. ಲಿಫ್ಟು ಇತ್ತು, ಹತ್ತಲಿಲ್ಲ. ಅವರು ಕೆಳಗಿನ ಮಹಡಿ ದಾಟುವವರೆಗೂ ಬಳೆಯ ಸದ್ದು ಕೇಳುತ್ತಿತ್ತು. ಓಡಿಹೋಗಿ ಹೇಳಲು ಅಷ್ಟು ಹೊತ್ತು ನನಗಿತ್ತು.

ಗುರುಪಾದ ಯಾವತ್ತೂ ಬಾಗಿಲು ಹಾಕಿಕೊಂಡು ಹೊಡೆದವನಲ್ಲ, ಹಾಗೆ ಹೊಡೆದದ್ದು ನಮ್ಮಪ್ಪ ಎಂದು ನಾನು ರುಕ್ಮಿಣಿಬಾಯಿಗೆ ಹೇಳಲಿಲ್ಲ.